ಹಳೆಯ ದೋಣಿ ಕಡವಿನಲ್ಲಿ ಪರೀಕ್ಷಾ ಅಗೆತ: ನನ್ನ ಅನುಭವ

ನದಿ ದಡದಲ್ಲಿ ಹೊಸ ಕಟ್ಟಡಕ್ಕೋ ಸೇತುವೆಗೋ ಪಾಯ ತೆಗೆಯುವ ಮುಂಚೆ ಹಳೆಯ ಕಡವಿನ ಕುರುಹು ಹುಡುಕುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಆಗ ನೀರಿನ ಅಂಚು ಎಲ್ಲಿತ್ತು? ಇಂದಿನ ದಡದ ಮಗ್ಗುಲಲ್ಲೇ ಗುಂಡಿ ತೋಡಿದರೆ ಬಹಳ ಸಲ ಸಿಗುವುದು ಈಚಿನ ಕಸ. ಹೂಳು ತುಂಬಿದಂತೆಲ್ಲ ದೋಣಿ ನಿಲ್ಲುವ ಕಟ್ಟೆಯನ್ನು ನದಿಯ ಕಡೆಗೆ ಮುಂದಕ್ಕೆ ಕಟ್ಟುತ್ತ ಹೋಗಿರುತ್ತಾರೆ. ಹಿಂದೆ ಉಳಿದ ಜಾಗಕ್ಕೆ ಮಣ್ಣು, ಒಡೆದ ಇಟ್ಟಿಗೆ, ಬೂದಿ ಸುರಿದು ನೆಲ ಮಾಡಿರುತ್ತಾರೆ. ಹಾಗಾಗಿ ಅತಿ ಹಳೆಯ ಅಂಚು ಎಷ್ಟೋ ಕಡೆ ದಡದಿಂದ ಹತ್ತಾರು ಮೀಟರ್ ಒಳಗೆ ಹೂತಿರುತ್ತದೆ. ನದಿ ಆ ಬದಿಯನ್ನು ಕೊರೆಯುತ್ತ ಬಂದಿದ್ದರೆ ಮಾತ್ರ ಅದು ಕೊಚ್ಚಿಹೋಗಿರುತ್ತದೆ.

ಹಳೆಯ ಸರ್ವೆ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಜಾಗ ಬದಲಿಸದ ನಾಲ್ಕು ಗುರುತುಗಳಾದರೂ ಬೇಕು. ನೇರ ನದಿಗಿಳಿದು ಅಲ್ಲೇ ನಿಂತುಹೋಗುವ ರಸ್ತೆ ಒಳ್ಳೆಯ ಸುಳಿವು. ಎಂಜಿನಿಯರುಗಳ ಮಣ್ಣು ಪರೀಕ್ಷೆಯ ಬೋರ್ ದಾಖಲೆ ಸಿಕ್ಕರೆ ಬಿಡಬೇಡಿ. ಆದರೆ ಅವರ ಪಟ್ಟಿಯಲ್ಲಿ ಮೇಲಿನದೆಲ್ಲ ‘ತುಂಬಿದ ಮಣ್ಣು’ ಎಂಬ ಒಂದೇ ಹೆಸರಿನಲ್ಲಿರುತ್ತದೆ. ಬೋರ್ ಹಾಕುವಾಗ ಪಕ್ಕದಲ್ಲೇ ನಿಂತು, ಕೊಳವೆಯಲ್ಲಿ ಬಂದ ಮಣ್ಣನ್ನು ಉದ್ದಕ್ಕೆ ಸೀಳಿ ನೋಡಬೇಕು. ಕಪ್ಪು ಹೂಳು, ಮರದ ಸಿಬಿರು, ಚರ್ಮದ ತುಂಡು ಕಂಡ ಮಟ್ಟವೇ ನಮಗೆ ಮುಖ್ಯ.

ಉಪಕರಣಗಳಲ್ಲಿ ನೆಲದ ಕಾಂತತೆ ಅಳೆಯುವ ಮ್ಯಾಗ್ನೆಟೋಮೀಟರ್ ಇಂಥ ಕಡೆ ಕಬ್ಬಿಣದ ಚೂರುಗಳ ಗದ್ದಲದಲ್ಲಿ ಕುರುಡಾಗುತ್ತದೆ. ನೆಲದೊಳಕ್ಕೆ ಅಲೆ ಕಳಿಸಿ ನೋಡುವ ರೇಡಾರ್ ಒದ್ದೆ ಜೇಡಿಯಲ್ಲಿ ಆಳಕ್ಕಿಳಿಯದು. ನನಗೆ ಒದಗಿದ್ದು ವಿದ್ಯುತ್ ರೋಧ ಮಾಪನ, ಅಂದರೆ ಸಾಲಾಗಿ ನೆಟ್ಟ ಲೋಹದ ಕಡ್ಡಿಗಳ ಮೂಲಕ ವಿದ್ಯುತ್ ಹರಿಸಿ ಮಣ್ಣು ಅದನ್ನು ಎಷ್ಟು ತಡೆಯುತ್ತದೆಂದು ಅಳೆಯುವುದು. ಅದು ಕಾಣುವ ಆಳ ಸಾಲಿನ ಉದ್ದದ ಸುಮಾರು ಐದನೇ ಒಂದು ಭಾಗ. 6 ಮೀಟರ್ ಆಳಕ್ಕೆ 30 ಮೀಟರಿಗೂ ಉದ್ದದ ಸಾಲು ಬೇಕು. ಅದೇ ಗೆರೆಯ ಮೇಲೆ 5 ಮೀಟರಿಗೊಂದರಂತೆ ಕೈ ಆಗರ್ (ಕೈಯಿಂದ ತಿರುಗಿಸಿ ಮಣ್ಣು ಕೊರೆಯುವ ಬೈರಿಗೆ) ಇಳಿಸಿದರೆ ಹಳೆಯ ದಡದ ಇಳಿಜಾರು ತೋರುತ್ತದೆ. ಆಳವನ್ನು ನೆಲದಿಂದ ಅಳೆದು ಬಿಡಬಾರದು. ಪ್ರತಿಯೊಂದನ್ನೂ ಬೆಂಚ್‌ಮಾರ್ಕಿಗೆ, ಅಂದರೆ ಎತ್ತರ ಗೊತ್ತಿರುವ ಸ್ಥಿರ ಗುರುತಿಗೆ, ಹೊಂದಿಸಿ ಬರೆಯಬೇಕು, ಇಲ್ಲವಾದರೆ ಒಂದು ಗುಂಡಿಗೂ ಇನ್ನೊಂದಕ್ಕೂ ತಾಳೆಯಾಗದು.

ಟ್ರೆಂಚನ್ನು (ಉದ್ದನೆಯ ಅಗೆತದ ಗುಂಡಿಯನ್ನು) ನದಿಗೆ ಅಡ್ಡಲಾಗಿ, ಅಂದರೆ ದಡದಿಂದ ನೀರಿನ ಕಡೆಗೆ, ತಳದಲ್ಲಿ 2 ಮೀಟರ್ ಅಗಲ ಉಳಿಯುವಂತೆ ಹಾಕಬೇಕು. ದಡಕ್ಕೆ ಸಮಾನಾಂತರವಾಗಿ ತೋಡಿದರೆ ಎರಡು ಕಟ್ಟೆಗಳ ನಡುವೆಯೇ ಹಾದು ಏನೂ ಕಾಣದೆ ಹೋಗಬಹುದು. ಜೆಸಿಬಿಗೆ ಹಲ್ಲಿಲ್ಲದ ಅಗಲ ಬಕೆಟ್ ಹಾಕಿಸಿ, ಒಮ್ಮೆಗೆ 10 ಸೆಂಟಿಮೀಟರಿಗಿಂತ ಹೆಚ್ಚು ಕೆರೆಯಲು ಬಿಡಬಾರದು. ಹಸಿ ಹೂಳು ಗೋಡೆ ಹೇಳದೆ ಕೇಳದೆ ಜಾರುತ್ತದೆ. ಆದ್ದರಿಂದ ಆಳ 1.2 ಮೀಟರ್ ದಾಟುವ ಮೊದಲೇ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು ಇಲ್ಲವೆ ಅದಕ್ಕೆ ಆಸರೆ ಕೊಡಬೇಕು. ಮಣ್ಣಿನ ರಾಶಿ ಅಂಚಿನಿಂದ ಕನಿಷ್ಠ 1 ಮೀಟರ್ ಆಚೆ ಇರಲಿ.

ಪಂಪನ್ನು ನೇರ ತಳದಲ್ಲಿಟ್ಟರೆ ನೀರಿನ ಜೊತೆ ನುಣುಪು ಮರಳನ್ನೂ ಎಳೆದು ಗೋಡೆಯ ಬುಡ ಟೊಳ್ಳಾಗುತ್ತದೆ. ಟ್ರೆಂಚಿನ ಆಳದ ತುದಿಯಲ್ಲಿ ಗುಂಡಿ ಮಾಡಿ, ತೂತು ಕೊರೆದ ಡ್ರಮ್ ಇಳಿಸಿ, ಸುತ್ತ ಜಲ್ಲಿ ತುಂಬಿ, ಅದರೊಳಗೆ ಪಂಪ್ ಇಡುವುದು ಸುರಕ್ಷಿತ.

ಅತಿ ಹೆಚ್ಚು ನಷ್ಟವಾಗುವುದು ಶುಭ್ರವಾದ ಹೂಳು ಕಂಡಾಗ. ಒಂದು ಚೂರು ಮಡಕೆಯೂ ಇಲ್ಲದ ಆ ಪದರವನ್ನು ಮೂಲ ನೆಲವೆಂದು ಬರೆದು ಕೆಲಸ ಮುಗಿಸಿಬಿಡುತ್ತಾರೆ. ಅದು ನೆರೆ ತಂದ ಹೂಳಿರಬಹುದು, ಅದರಡಿ ಹಳೆಯ ಕಡವು ಹಾಗೇ ಮಲಗಿರಬಹುದು. ತಳದಿಂದ ಮತ್ತೆ ಆಗರ್ ಇಳಿಸಿ ನದಿಯ ಉರುಟುಕಲ್ಲೋ ಬಂಡೆಯೋ ಸಿಗುವವರೆಗೆ, ಕಡೇಪಕ್ಷ ಪಾಯದ ಆಳದವರೆಗೆ ನೋಡಲೇಬೇಕು.

ಕಟ್ಟೆಯ ಹಿಂದಿನ ತುಂಬು ಮಣ್ಣಿನ ಮಡಕೆ ಚೂರುಗಳನ್ನು ನಂಬಿ ಕಾಲ ಹೇಳುವಾಗ ಎಚ್ಚರ ಬೇಕು. ಆ ಮಣ್ಣು ಬೇರೆಡೆಯಿಂದ ಬಂದದ್ದು. ಅದರಲ್ಲಿನ ಅತಿ ಈಚಿನ ಚೂರು, ಮಣ್ಣು ತುಂಬಿದ್ದು ಅದಕ್ಕಿಂತ ಮುಂಚೆ ಅಲ್ಲ ಎಂದಷ್ಟೇ ಹೇಳಬಲ್ಲದು. ಕಟ್ಟೆಯ ಮುಂದಿನ ಹೂಳು ಬೇರೆಯೇ. ದೋಣಿಯಿಂದ ಬಿದ್ದ ಮೊಳೆ, ಹಗ್ಗ, ಬಲೆಯ ಗುಂಡು, ಭಾರಕ್ಕೆ ಹೇರಿದ ಕಲ್ಲು ಅಲ್ಲಿ ಉಳಿಯುತ್ತವೆ. ಅಲ್ಲಿಂದ ಪದರಕ್ಕೆ 40 ಲೀಟರಿನಷ್ಟು ಮಣ್ಣು ತೆಗೆದು, ಅದನ್ನು ತೇಲಿಸಿ ಜಾಲಿಸುತ್ತೇವೆ. ಕಾಳು, ಬೀಜ, ಮೀನಿನ ಮುಳ್ಳು ಸಿಗುವುದು ಹೀಗೆ.

ನೆನೆದ ಮರ ಹೊರಬಂದ ಕ್ಷಣದಿಂದ ಕೆಡತೊಡಗುತ್ತದೆ. ನೀರು ಚಿಮುಕಿಸುತ್ತ, ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿಯೇ ಅಳತೆ, ಚಿತ್ರ ಮುಗಿಸಬೇಕು. ಮರದ ಬೆಳವಣಿಗೆಯ ಉಂಗುರ ಎಣಿಸಿ ಕಾಲ ಹೇಳಲು ಸಾಮಾನ್ಯವಾಗಿ 50ಕ್ಕಿಂತ ಹೆಚ್ಚು ಉಂಗುರ ಬೇಕು, ತೊಗಟೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಉಂಗುರ ಸ್ಪಷ್ಟವಿಲ್ಲದಿದ್ದರೆ ಕಾಲ ತಿಳಿಸುವ ವಿಕಿರಣ ಇಂಗಾಲ ಪರೀಕ್ಷೆಗೆ ಮರದ ಹೊರಭಾಗವನ್ನೇ ಕೊಡಬೇಕು. ತಿರುಳು ಕೊಟ್ಟರೆ ಮರ ಕಡಿದ ಕಾಲಕ್ಕಿಂತ ಹಳೆಯ ಉತ್ತರ ಬರುತ್ತದೆ. 1650ರ ಈಚಿನ ಮರಕ್ಕೆ ಒಂದೇ ಮಾದರಿಯಿಂದ ಖಚಿತ ಉತ್ತರ ಸಿಗುವುದು ಕಷ್ಟ.

ವರದಿಯಲ್ಲಿ ಎಂಜಿನಿಯರಿಗೆ ಬೇಕಾದ್ದು ಪ್ರತಿ ಪದರದ ಮೇಲ್ಮಟ್ಟ, ಕೆಳಮಟ್ಟ. ಪೈಲ್ (ಪಾಯಕ್ಕೆ ನೆಲದಾಳಕ್ಕಿಳಿಸುವ ಕಂಬ) ತೂರುವ ಜಾಗದಲ್ಲಷ್ಟೇ ಹಾನಿಯಲ್ಲ. ಕೆಲಸಕ್ಕೆಂದು ಅಂತರ್ಜಲ ಇಳಿಸಿದರೆ ಮುಟ್ಟದೆ ಬಿಟ್ಟ ಮರವೂ ಒಣಗಿ ಸೀಳುತ್ತದೆ. ಆದ್ದರಿಂದ ಮರದ ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಸೋಸಿಹೋಗುವ ಗಟ್ಟಿ ಬಟ್ಟೆ), ಮರಳು, ಅದೇ ಹೂಳು ಹಾಕಿ ಮುಚ್ಚುವಾಗಲೇ ತೂತು ಕೊರೆದ 50 ಮಿಲಿಮೀಟರ್ ಪೈಪೊಂದನ್ನು ನೆಟ್ಟು, ನೀರಿನ ಮಟ್ಟವನ್ನು ಕೆಲಸಕ್ಕೆ ಮೊದಲು, ನಡುವೆ, ನಂತರ ಅಳೆಯುವಂತೆ ಕರಾರಿನಲ್ಲೇ ಬರೆಸುತ್ತೇನೆ.