ಬಣ್ಣ ಬಿಡಿ, ಮೊದಲು ಮೀಸೆ ನೋಡಿ: ರೇಷ್ಮೆ ಪತಂಗಗಳ ಜೊತೆ ನನ್ನ ಅನುಭವ

ನಮ್ಮ ಮನೆಯ ಬಚ್ಚಲು ಹೊರಗೆ, ಹಿತ್ತಲ ಕಡೆಗಿದೆ. ಸಿರಸಿ ಸುತ್ತಮುತ್ತಲ ಹಳೇ ಮನೆಗಳು ಹೆಚ್ಚುಕಮ್ಮಿ ಹೀಗೇ. ಅಲ್ಲಿಗೆ ಹೋಗುವ ದಾರಿಗೆ ಅಂತ ಒಂದು ಬಲ್ಬು ರಾತ್ರಿಯಿಡೀ ಉರಿಯುತ್ತಿತ್ತು. ಅದರ ಹಿಂದೆ ಸುಣ್ಣ ಬಳಿದ ಬಿಳಿ ಗೋಡೆ. ಕಾಲಡಿಗೆ ಹಾವು ಬಂದರೆ ಕಾಣಲಿ ಅಂತ ಅಪ್ಪಯ್ಯ ಹಾಕಿಸಿದ ಬಲ್ಬು ಅದು. ಪತಂಗದ ಬಗ್ಗೆ ನಾನು ಕಲಿತದ್ದೆಲ್ಲ ಅದೇ ಬಲ್ಬಿನ ಕೆಳಗೆ.

ಶುರುವಾದದ್ದು ಒಂದು ಜೂನ್ ತಿಂಗಳ ಬೆಳಿಗ್ಗೆ. ಒಲೆಗೆ ಬೆಂಕಿ ಹಾಕಲು ಹೋದ ಆಯಿ ಅಲ್ಲಿಂದಲೇ ಕೂಗಿದಳು. "ಗೋಡೆ ಮೇಲೆ ಯಾರೋ ರವಿಕೆ ಕಣ ಅಂಟಿಸಿದ ಹಾಗೆ ಇದೆ, ಬಾ ನೋಡು." ಹೋಗಿ ನೋಡಿದರೆ ಸುಳಿಯಿಂದ ಆಗಷ್ಟೇ ಬಿಚ್ಚಿದ ಬಾಳೆ ಎಲೆಯ ಬಣ್ಣ. ಅಂಗೈಗಿಂತ ದೊಡ್ಡದು. ಹಿಂದಿನ ರೆಕ್ಕೆಗಳಿಂದ ಎರಡು ಉದ್ದ ಬಾಲ, ತುದಿಯಲ್ಲಿ ಸ್ವಲ್ಪ ತಿರುಚಿಕೊಂಡಿವೆ. ಮೈ ಮಾತ್ರ ಬಿಳಿ ಉಣ್ಣೆಯ ಉಂಡೆ. ಮುಂದಿನ ರೆಕ್ಕೆಯ ಅಂಚಿಗೆ ನೇರಳೆ ಹಣ್ಣು ಉಜ್ಜಿದಂಥ ಪಟ್ಟಿ. ಪ್ರತಿ ರೆಕ್ಕೆಗೂ ಒಂದು ಕಣ್ಣಿನ ಗುರುತು.

ಇದು ಚಂದ್ರ ಪತಂಗ, ಆಕ್ಟಿಯಾಸ್ ಸೆಲೀನ್. ಹುಡುಕಿ ಹೆಸರು ತಿಳಿಯಲು ಐದು ನಿಮಿಷವೂ ಬೇಕಾಗಲಿಲ್ಲ, ಯಾಕೆಂದರೆ ನಮ್ಮ ಕಡೆ ಇದನ್ನು ಹೋಲುವಂಥದ್ದು ಇನ್ನೊಂದಿಲ್ಲ. ಆ ಸುಲಭವೇ ನನ್ನನ್ನು ಕೆಡಿಸಿತು. ಬಣ್ಣ ನೋಡಿದರೆ ಹೆಸರು ಸಿಗುತ್ತದೆ ಅಂದುಕೊಂಡುಬಿಟ್ಟೆ. ಮುಂದಿನ ಎರಡು ಮಳೆಗಾಲ ಅದೇ ಹುಚ್ಚಿನಲ್ಲಿ ಕಳೆದವು.

ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದು ಪುಟಕ್ಕೆ "ಹಳದಿ, ಗಾಜಿನ ಕಣ್ಣು" ಅಂತ ತಲೆಬರಹ. ಇನ್ನೊಂದಕ್ಕೆ "ಇಟ್ಟಿಗೆ ಕಂದು, ಗಾಜಿನ ಕಣ್ಣು". ಎರಡೂ ಗೋಡೆಗೆ ಬರುತ್ತಿದ್ದವು. ಹಳದಿಯದು ದಪ್ಪ ಹೊಟ್ಟೆಯದು, ನಿಧಾನ. ಕಂದು ಬಣ್ಣದ್ದು ಬಲ್ಬಿಗೆ ಡಿಕ್ಕಿ ಹೊಡೆದು ಬಿದ್ದು ಒದ್ದಾಡುವಂಥದ್ದು. ಎರಡು ಬೇರೆ ಜಾತಿ ಅಂತ ಎರಡು ವರ್ಷ ಲೆಕ್ಕ ಬರೆದಿದ್ದೇನೆ. ಈಗ ಆ ಪುಟ ತೆಗೆದರೆ ನಾಚಿಕೆಯಾಗುತ್ತದೆ.

ಆ ಲೆಕ್ಕ ತಿದ್ದಿದ್ದು ಒಂದು ಹೊರೆ ಸೊಪ್ಪು. ಅಡಿಕೆ ತೋಟದವರಿಗೆಲ್ಲ ಸೊಪ್ಪಿನ ಬೆಟ್ಟ ಗೊತ್ತು. ಮತ್ತಿ ಸೊಪ್ಪು ಅಲ್ಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ. ಮೇ ಕೊನೆಯಲ್ಲಿ ತಂದ ಹೊರೆಯಲ್ಲಿ ಒಂದು ಟೊಂಗೆಗೆ ಕಾಯಿಯಂಥದ್ದು ಏನೋ ನೇತಾಡುತ್ತಿತ್ತು. ಮತ್ತಿಗೆ ಅಂಥ ಕಾಯಿ ಇಲ್ಲ. ಕೋಳಿಮೊಟ್ಟೆಗಿಂತ ಸಣ್ಣದು, ಬೂದು ಮಿಶ್ರಿತ ಹಳದಿ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿ. ಮೇಲೆ ಕಪ್ಪು ತೊಟ್ಟು. ಆ ತೊಟ್ಟಿನ ತುದಿ ಟೊಂಗೆಯನ್ನು ಉಂಗುರದ ಹಾಗೆ ಸುತ್ತಿ ಹಿಡಿದಿತ್ತು. ಎಳೆದರೆ ಟೊಂಗೆ ಮುರಿಯಬೇಕೇ ಹೊರತು ಉಂಗುರ ಬಿಚ್ಚುವುದಿಲ್ಲ. ಅಲ್ಲಾಡಿಸಿದೆ, ಒಳಗೆ ತೂಕ ಇತ್ತು. ಟೊಂಗೆ ಸಮೇತ ಜಗಲಿಯ ಮೊಳೆಗೆ ಕಟ್ಟಿದೆ.

ಮಳೆ ಹಿಡಿದ ಮೇಲೆ, ಒಂದು ರಾತ್ರಿ ಊಟ ಮಾಡಿ ಕೈ ತೊಳೆದು ಬಂದಾಗ ಗೂಡಿನ ತೊಟ್ಟಿನ ಕಡೆ ಒದ್ದೆಯಾಗಿತ್ತು. ಸೂರಿನ ನೀರು ಸಿಡಿದಿರಬೇಕು ಅಂದುಕೊಂಡೆ. ಸೂರು ಅಷ್ಟು ಹತ್ತಿರ ಇರಲಿಲ್ಲ. ಪತಂಗ ಒಳಗಿನಿಂದಲೇ ಒಂದು ರಸ ಬಿಟ್ಟು ರೇಷ್ಮೆಯ ಅಂಟನ್ನು ಮೆತ್ತಗೆ ಮಾಡುತ್ತದೆ, ಹಲ್ಲಿಲ್ಲದ ಪ್ರಾಣಿಗೆ ಆ ಗಟ್ಟಿ ಗೂಡಿನಿಂದ ಬರಲು ಬೇರೆ ದಾರಿ ಇಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಉಣ್ಣೆಯ ತಲೆ ಬಂತು, ಕಾಲು ಬಂತು. ಕೊನೆಗೆ ಪೂರ್ತಿ ಹೊರಬಿದ್ದಾಗ ರೆಕ್ಕೆ ಅನ್ನುವುದೇ ಇರಲಿಲ್ಲ. ಹಿಂಡಿಟ್ಟ ಒದ್ದೆ ಬಟ್ಟೆಯಂಥ ನಾಲ್ಕು ಮುದ್ದೆ. ಕೈಕೊಟ್ಟಿತು ಅಂದುಕೊಂಡೆ. ಅದು ಟೊಂಗೆಗೆ ಹತ್ತಿ, ಬೆನ್ನು ಕೆಳಗೆ ಮಾಡಿ ಜೋತುಬಿತ್ತು. ಮುದ್ದೆಗಳು ಇಳಿಯತೊಡಗಿದವು. ಅರ್ಧ ಗಂಟೆ ಹೊತ್ತಿಗೆ ಹಳದಿ ರೆಕ್ಕೆ, ನಾಲ್ಕು ಗಾಜಿನ ಕಣ್ಣು. ಜೊತೆಗೆ ನೆಲಕ್ಕೆ ಪಿಚಕ್ ಅಂತ ಕಂದು ನೀರು. ಅದು ರಕ್ತ ಅಲ್ಲ, ಗೂಡಿನೊಳಗೆ ಸೇರಿಕೊಂಡಿದ್ದ ಕಸ. ಆಯಿ ಮರುದಿನ ಸಗಣಿ ಹಾಕಿ ಸಾರಿಸುವಾಗ ನನಗೆ ಬೈದಳು.

ಹಳದಿ ಹೊರಬಂದದ್ದು ನೋಡಿ ಖುಷಿಯಾಗಿ ಮಲಗಿದೆ. ಬೆಳಗಿನ ಜಾವ 3ರ ಹೊತ್ತಿಗೆ ಎದ್ದಾಗ ಜಗಲಿಯಲ್ಲಿ ಪಟಪಟ ಸದ್ದು. ಅಲ್ಲಿ ದೀಪ ಇರಲಿಲ್ಲ. ಟಾರ್ಚು ಬಿಟ್ಟರೆ ಮೂರು ಕಂದು ಪತಂಗ. ಒಂದು ಹಳದಿಯ ಜೊತೆ ಕೂಡಿಯಾಗಿತ್ತು, ಉಳಿದೆರಡು ಕಂಬಕ್ಕೆ ಬಡಿದಾಡುತ್ತಿದ್ದವು. ಎರಡು ವರ್ಷದ ನನ್ನ ಎರಡು ಜಾತಿ ಗಂಡ ಹೆಂಡತಿ! ಇದು ಟಸರ್ ಪತಂಗ, ಆಂಥೀರಿಯಾ ಪಾಫಿಯಾ. ಮೈಲಿಟ್ಟಾ ಅಂತಲೂ ಬರೆಯುತ್ತಾರೆ. ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾಗಳಲ್ಲಿ ಇದರ ಗೂಡಿನಿಂದಲೇ ಟಸರ್ ನೂಲು ತೆಗೆಯುತ್ತಾರೆ. ಅಲ್ಲಿ ಬದುಕು ಕೊಡುವ ಹುಳ ಇಲ್ಲಿ ನಮ್ಮ ಸೊಪ್ಪಿನ ಹೊರೆಯಲ್ಲಿ ಸುಮ್ನೆ ಕೊಟ್ಟಿಗೆಗೆ ಹೋಗುತ್ತಿತ್ತು.

ಕತ್ತಲಲ್ಲಿ ಆ ಮೂರಕ್ಕೆ ದಾರಿ ತೋರಿಸಿದ್ದು ಹೆಣ್ಣಿನ ವಾಸನೆ. ನಮ್ಮ ಮೂಗಿಗೆ ಅದು ಹತ್ತುವುದಿಲ್ಲ. ಅದನ್ನು ಹಿಡಿಯುವುದು ಗಂಡಿನ ಮೀಸೆ. ಪುಸ್ತಕದಲ್ಲಿ ಕುಡಿಮೀಸೆ ಅಂತಾರೆ. ಅವತ್ತು ಟಾರ್ಚಿನಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಗಂಡಿನದು ಅಗಲ, ಎರಡೂ ಬದಿಗೆ ಎಳೆ ಬಿಟ್ಟ ಜರಿಗಿಡದ ಎಲೆಯ ಹಾಗೆ. ಹೆಣ್ಣಿನದೂ ಅದೇ ನಮೂನೆ, ಆದರೆ ಸಪೂರ. ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಗೋಡೆಯ ಮೇಲೆ ದೊಡ್ಡದು ಕಂಡರೆ ಮೊದಲು ಮೀಸೆ, ಆಮೇಲೆ ರೆಕ್ಕೆಯಲ್ಲಿ ಕಣ್ಣೋ ಕಿಟಕಿಯೋ ಇದೆಯಾ ಅಂತ. ಬಣ್ಣ ಕೊನೆಗೆ. ಒಂದೇ ಜಾತಿಯಲ್ಲಿ ಬಣ್ಣ ಅಷ್ಟು ಬದಲಾಗುತ್ತದೆ ಅಂದರೆ ಅದನ್ನು ನೆಚ್ಚಿಕೊಂಡು ಏನು ಮಾಡುವುದು, ಅಲ್ವಾ?

ಗಾಜಿನ ಕಣ್ಣು ಅಂದೆನಲ್ಲ, ಅದು ಬಣ್ಣ ಅಲ್ಲ. ಅಷ್ಟು ಜಾಗದಲ್ಲಿ ರೆಕ್ಕೆಗೆ ಹುಡಿಯೇ ಇಲ್ಲ. ಹಿಂದಿನಿಂದ ಟಾರ್ಚು ಹಿಡಿದರೆ ಬೆಳಕು ಸೀದಾ ಬರುತ್ತದೆ.

ಆ ಹಳದಿ ಮರುದಿನ ರಾತ್ರಿಯಿಂದ ಕಂಬದ ಮೇಲೆಲ್ಲ ಮೊಟ್ಟೆ ಇಟ್ಟಿತು. ಚಪ್ಪಟೆ ಮೊಟ್ಟೆ, ಸುತ್ತ ಕಂದು ಗೆರೆ. ಎಣಿಸುತ್ತಾ ಹೋಗಿ 170ಕ್ಕೆ ಲೆಕ್ಕ ತಪ್ಪಿತು. ಮಗಳು ಪಾಪ ಅಂತ ಬಾಳೆಹಣ್ಣು ಇಟ್ಟಳು, ಜೇನು ಸವರಿದಳು. ಮುಟ್ಟಲೂ ಇಲ್ಲ. ಈ ಗುಂಪಿನ ಪತಂಗಗಳಿಗೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ಹುಳವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರ, ಹತ್ತು ದಿನ ಬದುಕಿ ಮುಗಿಸುತ್ತವೆ.

ಇದು ಗುರುತಿಸಲಿಕ್ಕೂ ದಾರಿ. ಹಲಸಿನ ಹಣ್ಣು ಕೊಳೆತು ಬಿದ್ದಲ್ಲಿ ರಾತ್ರಿ ಟಾರ್ಚು ಬಿಡಿ, ದೊಡ್ಡ ಕಂದು ಪತಂಗ ಕೂತು ರಸ ಹೀರುತ್ತಿರುತ್ತದೆ. ಮುಂದಿನ ರೆಕ್ಕೆಯಲ್ಲಿ ಗೂಬೆಯ ಕಣ್ಣಿನ ಹಾಗೆ ಗುರುತು. ನೋಡಿದರೆ ರೇಷ್ಮೆ ಪತಂಗವೇ ಅನಿಸಬೇಕು. ಆದರೆ ಹಣ್ಣು ಹೀರುತ್ತಿದೆ ಅಂದರೆ ಅಲ್ಲ. ಅದು ಎರಿಬಸ್, ಮೀಸೆ ಬರೀ ದಾರದ ಹಾಗೆ ಇರುತ್ತದೆ. ಬೆನ್ನ ಮೇಲೆ ತಲೆಬುರುಡೆಯ ಗುರುತು ಇದ್ದು, ಹಿಡಿದರೆ ಇಲಿಯ ಹಾಗೆ ಕಿಚ್ ಅನ್ನುವುದೂ ಒಂದಿದೆ. ಅದು ಜೇನು ಪೆಟ್ಟಿಗೆಗೆ ನುಗ್ಗುವ ಕಳ್ಳ. ರೆಕ್ಕೆ ಉದ್ದ, ಸಪೂರ, ಹಿಂದಕ್ಕೆ ಮಡಿಚಿದ ವಿಮಾನದ ಹಾಗೆ. ನಂದಿಬಟ್ಟಲು, ಕಣಗಿಲೆ ಗಿಡದ ಹತ್ತಿರ ಹಸಿರು ಅಮೃತಶಿಲೆ ಬಣ್ಣದ್ದು ಸಿಗುತ್ತದಲ್ಲ, ಅದೂ ಇದೇ ಕಡೆಯ ನೆಂಟ. ಚಂದ ಇದೆ ಅಂತ ಎಲ್ಲರೂ ನನಗೆ ಫೋಟೊ ಕಳಿಸುತ್ತಾರೆ. ರೇಷ್ಮೆ ಪತಂಗ ಅಲ್ಲ.

ಮೀಸೆಯ ಲೆಕ್ಕವೂ ಒಮ್ಮೆ ಕೈಕೊಟ್ಟಿದೆ. ಮೊದಲ ಮಳೆಗೆ ದೀಪದ ಸುತ್ತ ಹಳದಿ-ಕಂದು ಬಣ್ಣದ, ಮೈತುಂಬ ಉಣ್ಣೆ ಇರುವ ಪತಂಗ ಬಂದವು. ಬಾಚಣಿಗೆ ಮೀಸೆ. ಒಂದು ವರ್ಷ ಅದನ್ನೂ ರೇಷ್ಮೆಯ ಪುಟಕ್ಕೆ ಸೇರಿಸಿದೆ. ಅದು ಯೂಪ್ಟೆರೋಟ್, ಮೈ ತುರಿಸುವ ಕಂಬಳಿಹುಳದ ದೊಡ್ಡ ರೂಪ. ರೆಕ್ಕೆಯಲ್ಲಿ ಹಲಗೆಯ ನಾರಿನ ಹಾಗೆ ಗೆರೆಗಳಿವೆ, ಕಣ್ಣಿಲ್ಲ, ಕಿಟಕಿಯಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ನೋಡಬೇಕು.

ಇನ್ನು ದೊಡ್ಡದರ ವಿಷಯ. ಬಚ್ಚಲ ಹಿಂದೆ ಒಂದು ದಾಲ್ಚಿನ್ನಿ ಮರ ಇದೆ. ಒಂದು ಆಗಸ್ಟ್‌ನಲ್ಲಿ ಅದರ ಕೆಳಗಿನ ಗೋಡೆಗೆ ಅಟ್ಲಾಸ್ ಬಂದು ಕೂತಿತು. ಮಗಳ ಸ್ಕೂಲಿನ 15 ಸೆಂಟಿಮೀಟರ್ ಸ್ಕೇಲು ತಂದು ಪಕ್ಕ ಹಿಡಿದರೆ ಎರಡೂ ಕಡೆ ರೆಕ್ಕೆ ಆಚೆಗಿತ್ತು. ಗೋಡೆಗೆ ಪೆನ್ಸಿಲ್ ಗುರುತು ಹಾಕಿ ಆಮೇಲೆ ಅಳೆದೆ, 21. ಪ್ರತಿ ರೆಕ್ಕೆಯ ನಡುವೆ ತ್ರಿಕೋನದ ಕಿಟಕಿ. ಅದರೊಳಗಿಂದ ಎದ್ದ ಸುಣ್ಣದ ಚಕ್ಕೆ ಕಾಣುತ್ತಿತ್ತು. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ ಬಾಗಿದೆ, ಕಣ್ಣಿನ ಚುಕ್ಕೆಯೂ ಇದೆ. ಹಾವು ಕಾಣಲಿ ಅಂತ ಹಾಕಿಸಿದ ದೀಪಕ್ಕೆ ಬೇರೆ ಥರದ ಹಾವೇ ಬಂತು ಅಂತ ಅಪ್ಪಯ್ಯನಿಗೆ ಹೇಳಿದೆ, ಅವರು ನಗಲಿಲ್ಲ.

ಇಲ್ಲೂ ಎರಡು ತಿದ್ದುಪಡಿ. ಪ್ರತಿ ಮಳೆಗಾಲ ಯಾವುದಾದರೂ ಪತ್ರಿಕೆಯಲ್ಲಿ "ಜಗತ್ತಿನ ಅತಿ ದೊಡ್ಡ ಚಿಟ್ಟೆ ಪತ್ತೆ" ಅಂತ ಬರುತ್ತದೆ. ಚಿಟ್ಟೆ ಅಲ್ಲ, ಪತಂಗ. ರೆಕ್ಕೆಯ ಉದ್ದದಲ್ಲಿ ಇದಕ್ಕಿಂತ ದೊಡ್ಡದು ದಕ್ಷಿಣ ಅಮೆರಿಕದಲ್ಲಿದೆ, ರೆಕ್ಕೆಗಳ ಒಟ್ಟು ವಿಸ್ತೀರ್ಣದಲ್ಲಿ ಮಾತ್ರ ಅಟ್ಲಾಸ್ ಬಳಗ ಮುಂದೆ. ಎರಡನೆಯದು ನನ್ನದೇ ತಪ್ಪು. ನಾನೂ ಅಟಾಕಸ್ ಅಟ್ಲಾಸ್ ಅಂತಲೇ ಬರೆದಿಟ್ಟಿದ್ದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದನ್ನು ಈಗ ಅಟಾಕಸ್ ಟಪ್ರೊಬಾನಿಸ್ ಎಂಬ ಬೇರೆ ಜಾತಿಯಾಗಿ ನೋಡುತ್ತಾರೆ. ಟಪ್ರೊಬೇನ್ ಅಂದರೆ ಲಂಕೆಯ ಹಳೇ ಹೆಸರು. ಅಂದರೆ ಫೋಟೊದ ಜೊತೆ ಊರಿನ ಹೆಸರನ್ನೂ ಬರೆದಿಡಬೇಕು. ಹತ್ತಿರ ಯಾವ ಮರ ಇದೆ ಅಂತಲೂ. ಗೇರು ಮರದ ಎಲೆ ಪೂರ್ತಿ ಬೋಳಾಗಿ, ಟೊಂಗೆಯಲ್ಲಿ ಬಂಗಾರದ ಬಣ್ಣದ ಬಲೆಯಂಥ ಗೂಡು ಗುಂಪುಗುಂಪಾಗಿ ಕಂಡರೆ ಪತಂಗ ನೋಡುವ ಮೊದಲೇ ಹೇಳಬಹುದು, ಕ್ರಿಕ್ಯುಲಾ. ಹೆಣ್ಣಿನ ಮುಂದಿನ ರೆಕ್ಕೆಯಲ್ಲಿ ಮೂರು ಕಿಟಕಿ. ರೇಷ್ಮೆ ಬಳಗದ್ದೇ, ಆದರೆ ಗೇರು ಬೆಳೆದವರು ಇದನ್ನು ಚಂದ ಅನ್ನುವುದಿಲ್ಲ.

ಕನಕಪುರ ಕಡೆಯ ಗೆಳೆಯನೊಬ್ಬ ಒಮ್ಮೆ ಮನೆಗೆ ಬಂದಿದ್ದ. ಮನೆತನದಿಂದ ರೇಷ್ಮೆ ಸಾಕುವವನು, ಗೂಡು ರಾಮನಗರದ ಮಾರುಕಟ್ಟೆಗೆ ಹಾಕುತ್ತಾನೆ. ಗೋಡೆಯ ಮೇಲಿನ ಚಂದ್ರ ಪತಂಗ ತೋರಿಸಿ "ಇದೂ ರೇಷ್ಮೆ ಪತಂಗವೇ" ಅಂದೆ.

"ಸುಮ್ನಿರಪ್ಪ. ನಮ್ ಚಿಟ್ಟೆ ಬಿಳಿ. ಹಾರೋದೇ ಇಲ್ಲ, ತಟ್ಟೆ ಮೇಲೆ ಗಿರಗಿರ ಸುತ್ತತ್ತೆ ಅಷ್ಟೆ. ಇದು ಮಹಾರಾಣಿ ಇದ್ದಂಗಿದೆ."

ಅವನ ಮಾತೂ ಸರಿಯೇ. ಹಿಪ್ಪುನೇರಳೆ ತಿನ್ನುವ ಬಾಂಬಿಕ್ಸ್ ಮೋರಿಯ ಕುಟುಂಬವೇ ಬೇರೆ. ಸಾವಿರಾರು ವರ್ಷ ಸಾಕಿ ಸಾಕಿ ಹಾರುವುದನ್ನು ಮರೆತಿದೆ. ನಮ್ಮ ಗೋಡೆಗೆ ಬರುವವು ಸ್ಯಾಟರ್ನಿಡೇ ಕುಟುಂಬದ ಕಾಡು ರೇಷ್ಮೆಗಳು. ಅಸ್ಸಾಮಿನ ಮೂಗಾ, ಎರಿ ಎರಡೂ ಈ ಕುಟುಂಬದವೇ.

ಅವನಿಂದ ನಾನೂ ಒಂದು ಕಲಿತೆ. ಜಗಲಿಯಲ್ಲಿ ಆ ವರ್ಷ ಎರಡು ಟಸರ್ ಗೂಡು ಕಟ್ಟಿದ್ದೆ. ಒಂದು ಎಷ್ಟು ಕಾದರೂ ಒಡೆದಿರಲಿಲ್ಲ, ಕೈಯಲ್ಲಿ ಹಗುರ. ಅವನು ಬೆಳಕಿಗೆ ಹಿಡಿದು ತಿರುಗಿಸಿದ. ಬೆಂಕಿಕಡ್ಡಿಯ ತಲೆಯಷ್ಟು ದುಂಡು ತೂತು ತೋರಿಸಿದ. "ಊಜಿ ಹೊಡೆದದೆ ಕಣೋ." 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದಾಗ ಅವನ ಅಪ್ಪ ಬೆಳೆಗೆ ಬೆಳೆಯೇ ಕಳಕೊಂಡಿದ್ದರಂತೆ. ಕಾಡಿನ ಟಸರಿಗೂ ಅದೇ ಬಳಗದ ಇನ್ನೊಂದು ನೊಣ ಇದೆ. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿನದನ್ನು ತಿಂದು, ಗೂಡು ತೂತು ಮಾಡಿ ಹೊರಬೀಳುತ್ತದೆ.

ದೀಪದ ವಿಷಯ ಹೇಳದೆ ಇದ್ದರೆ ತಪ್ಪಾಗುತ್ತದೆ. ರಾತ್ರಿಯಿಡೀ ಬಲ್ಬು ಉರಿದರೆ ಪತಂಗ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಬೆಳಗಾದರೆ ಕಾಜಾಣ, ಕಾಗೆಗಳಿಗೆ ಊಟ. ಎಷ್ಟೋ ಬೆಳಿಗ್ಗೆ ನಾನು ನೋಡಿದ್ದು ಗೋಡೆಯ ಬುಡದಲ್ಲಿ ಬಿದ್ದ ಬರೀ ರೆಕ್ಕೆ. ಈಗ ಬಾಗಿಲ ಹತ್ತಿರವೇ ಸ್ವಿಚ್ಚು ಹಾಕಿಸಿದ್ದೇವೆ, ಬಚ್ಚಲಿಗೆ ಹೋಗುವವರು ಹಾಕಿ, ಬಂದು ಆರಿಸುತ್ತಾರೆ. ನೋಡಬೇಕು ಅನಿಸಿದ ದಿನ ಒಂದೆರಡು ಗಂಟೆ ಹಾಕಿಡುತ್ತೇನೆ. ಬೆಳಿಗ್ಗೆ ಉಳಿದಿದ್ದರೆ ರೆಕ್ಕೆ ಹಿಡಿಯುವುದಿಲ್ಲ. ಮುಖದ ಮುಂದೆ ಕಡ್ಡಿ ಒಡ್ಡಿದರೆ ತಾನಾಗಿ ಹತ್ತುತ್ತದೆ, ಒಯ್ದು ದಾಲ್ಚಿನ್ನಿಯ ಎಲೆ ಮರೆಗೆ ಇಡುತ್ತೇನೆ.

ಊಜಿ ಹೊಡೆದ ಗೂಡು ಇನ್ನೂ ಜಗಲಿಯ ಮೊಳೆಯಲ್ಲೇ ಇದೆ. ಬಿಸಾಡೋಣ ಅಂದರೆ ಆಯಿ ಬಿಡುತ್ತಿಲ್ಲ. "ಇರಲಿ ಬಿಡು, ಗಂಟೆ ಕಟ್ಟಿದ ಹಾಗೆ ಇದೆ" ಅನ್ನುತ್ತಾಳೆ. ಈ ಸಲದ ಸೊಪ್ಪಿನಲ್ಲಿ ಇನ್ನೊಂದು ಸಿಕ್ಕಿದೆ, ಪಕ್ಕದಲ್ಲೇ ಕಟ್ಟಿದ್ದೇನೆ. ಇದು ಭಾರ ಇದೆ. ರಾತ್ರಿ ಕೈ ತೊಳೆದು ಬರುವಾಗ ತೊಟ್ಟಿನ ಕಡೆ ಬೆರಳು ಮುಟ್ಟಿಸಿ ನೋಡುತ್ತೇನೆ. ನಿನ್ನೆವರೆಗೆ ಒಣಗಿಯೇ ಇತ್ತು.