ಆಫ್ರಿಕಾಕ್ಕೆ ಸ್ವಯಂಸೇವೆಗೆ ಹೊರಡುವವರು ತಿಳಿದಿರಬೇಕಾದದ್ದು

ಆಫ್ರಿಕಾದ ಯಾವುದಾದರೂ ದೇಶಕ್ಕೆ ಹೋಗಿ, ಅಲ್ಲಿನ ಬಡ ಮಕ್ಕಳಿಗಾಗಿ ಅಥವಾ ಸೌಲಭ್ಯವಂಚಿತ ಸಮುದಾಯಕ್ಕಾಗಿ ಕೆಲವು ವಾರವೋ ಕೆಲವು ತಿಂಗಳೋ ದುಡಿದು ಬರಬೇಕೆಂಬ ಆಸೆ ಹಲವರಿಗೆ ಇರುತ್ತದೆ. ಆಸೆ ಒಳ್ಳೆಯದೇ. ಆದರೆ ಆ ದುಡಿಮೆಯಿಂದ ನಿಜವಾಗಿ ಯಾರಿಗೆ ಉಪಯೋಗವಾಗುತ್ತದೆ ಎಂಬುದು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಯಾವ ಕೆಲಸ, ಎಷ್ಟು ಕಾಲ, ಯಾರ ಮೂಲಕ ಎಂಬ ಮೂರು ಆಯ್ಕೆಗಳಲ್ಲಿ ತಪ್ಪಿದರೆ ಆಮೇಲೆ ಎಷ್ಟೇ ಪ್ರಾಮಾಣಿಕವಾಗಿ ಬೆವರು ಸುರಿಸಿದರೂ ಅದನ್ನು ಸರಿಪಡಿಸಲಾಗುವುದಿಲ್ಲ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಹೊರಡುವುದಕ್ಕೆ ಮುಂಚಿನ ಸಿದ್ಧತೆಯ ಕುರಿತೇ ಇದೆ.

ಮೊದಲು ಕಾಲಾವಧಿ, ಆಮೇಲೆ ಕೆಲಸ

ಹೆಚ್ಚಿನವರು ಮೊದಲು ಕೆಲಸವನ್ನು ಆರಿಸಿಕೊಂಡು, ಆಮೇಲೆ ತಮ್ಮ ರಜೆಯೊಳಗೆ ಅದನ್ನು ತುರುಕಲು ನೋಡುತ್ತಾರೆ. ಇದನ್ನು ತಿರುಗಿಸಿ ಯೋಚಿಸಬೇಕು. ನಾನು ನಂಬಿರುವ ಸೂತ್ರ ಇಷ್ಟೇ: ಉಳಿಯುವ ಕಾಲ ಕಡಿಮೆಯಾದಷ್ಟೂ ಮಕ್ಕಳಿಂದ ದೂರವಿರುವ ಕೆಲಸವನ್ನು ಆರಿಸಿಕೊಳ್ಳಬೇಕು. ಎರಡು ವಾರಗಳ ಕಾಲ ಮಾತ್ರ ಬಿಡುವಿರುವ ಲೆಕ್ಕಪರಿಶೋಧಕರು ಒಂದು ಸ್ಥಳೀಯ ಸಂಸ್ಥೆಯ ಲೆಕ್ಕಪತ್ರಗಳನ್ನು ಸರಿಪಡಿಸಿ, ಅಲ್ಲಿನ ಗುಮಾಸ್ತರಿಗೆ ಒಂದು ಪದ್ಧತಿಯನ್ನು ಕಲಿಸಿ ಬರಬಹುದು. ಅದೇ ಎರಡು ವಾರವನ್ನು ಅವರು ನರ್ಸರಿ ತರಗತಿಯಲ್ಲಿ ಕಳೆದರೆ ಆಗುವುದೇನು? ಸೋಮವಾರ ಹೊಸಬರೊಬ್ಬರು ಬಂದು ಕೆಂಪು, ಹಳದಿ, ನೀಲಿ ಎಂದು ಬಣ್ಣಗಳ ಹೆಸರನ್ನು ಹೇಳಿಕೊಡುತ್ತಾರೆ. ಮಕ್ಕಳು ಕೂಗಿ ಹೇಳುತ್ತಾರೆ, ಏಕೆಂದರೆ ಹಿಂದಿನ ತಿಂಗಳು ಬಂದವರೂ, ಅದಕ್ಕೂ ಹಿಂದಿನ ತಿಂಗಳು ಬಂದವರೂ ಅದನ್ನೇ ಕಲಿಸಿ ಹೋಗಿದ್ದಾರೆ. ತರಗತಿಯ ನಿಜವಾದ ಶಿಕ್ಷಕಿ ಗೋಡೆಗೊರಗಿ ನಿಂತು, ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಲು ಅತಿಥಿಗಳು ಹೊರಡುವ ದಿನವನ್ನು ಕಾಯುತ್ತಿರುತ್ತಾರೆ.

ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕಾರ್ಪ್ಸ್ ತನ್ನ ಸ್ವಯಂಸೇವಕರಿಗೆ ಇಟ್ಟಿರುವ ಸಾಮಾನ್ಯ ಅವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಭಾಷೆ ಮತ್ತು ಸ್ಥಳೀಯ ನಡವಳಿಕೆಯ ತರಬೇತಿಗೇ ಹೋಗುತ್ತದೆ. ಅದರ ಮೊದಲ ತಂಡ 1961ರ ಆಗಸ್ಟ್‌ನಲ್ಲಿ ಘಾನಾದ ಅಕ್ರಾದಲ್ಲಿ ಇಳಿದಾಗ, ವಿಮಾನ ನಿಲ್ದಾಣದಲ್ಲೇ ಟ್ವಿ ಭಾಷೆಯಲ್ಲಿ ಹಾಡಿ ಅಲ್ಲಿನವರನ್ನು ಅಚ್ಚರಿಗೊಳಿಸಿತು. ಆ ತಂಡದವರು ಶಿಕ್ಷಕರಾಗಿ ದುಡಿಯಲು ಬಂದವರು. ಎಲ್ಲರಿಗೂ ಎರಡು ವರ್ಷ ಬಿಡುವು ಸಿಗುವುದಿಲ್ಲ, ನಿಜ. ಆದರೆ ಮಕ್ಕಳೊಡನೆ ನೇರವಾಗಿ ಕೆಲಸ ಮಾಡಬೇಕೆಂದಿದ್ದರೆ ಕನಿಷ್ಠ ಶಾಲೆಯ ಒಂದು ಟರ್ಮನ್ನಾದರೂ ಪೂರ್ತಿಯಾಗಿ ಕೊಡಬೇಕು. ಅಷ್ಟು ಆಗದಿದ್ದರೆ ಶಿಕ್ಷಕರಿಗೆ, ದಾದಿಯರಿಗೆ, ಸಂಸ್ಥೆಯ ಸಿಬ್ಬಂದಿಗೆ ನೆರವಾಗುವ ಕೆಲಸವನ್ನು ಕೇಳಿ ಪಡೆಯಬೇಕು. ಮನೆಯಲ್ಲೇ ಕುಳಿತು ಮಾಡುವ ದಾರಿಯೂ ಇದೆ. ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವಾದ ಯುಎನ್‌ವಿ, ಅನುವಾದ, ವಿನ್ಯಾಸ, ದತ್ತಾಂಶದ ಕೆಲಸಗಳಿಗೆ ಆನ್‌ಲೈನ್ ಸ್ವಯಂಸೇವಕರನ್ನು ಜೋಡಿಸಿಕೊಡುತ್ತದೆ. ವಿಮಾನದ ಖರ್ಚಿಲ್ಲದ ಈ ಕೆಲಸವನ್ನು ಕೀಳಾಗಿ ಕಾಣಬೇಕಾದ ಕಾರಣವಿಲ್ಲ.

ಅನಾಥಾಶ್ರಮವನ್ನು ಬಿಟ್ಟುಬಿಡಿ

ಇದನ್ನು ಕೊಂಚ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಆಫ್ರಿಕಾದಲ್ಲಿ ಮಕ್ಕಳ ಸೇವೆ ಎಂದೊಡನೆ ಬಹುತೇಕರ ಕಣ್ಣೆದುರು ಬರುವುದು ಅನಾಥಾಶ್ರಮವೇ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನಾದ್ಯಂತ ಇಂಥ ಆಶ್ರಮಗಳಲ್ಲಿರುವ ಪ್ರತಿ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ, ಇಲ್ಲವೇ ಇಬ್ಬರೂ ಇದ್ದಾರೆ. ಮಕ್ಕಳನ್ನು ಅಲ್ಲಿಗೆ ತಂದಿರುವುದು ಹೆಚ್ಚಾಗಿ ಬಡತನ: ಮನೆಯಲ್ಲಿ ಶಾಲೆಯ ಶುಲ್ಕಕ್ಕೆ ಹಣವಿಲ್ಲ, ಆಶ್ರಮದಲ್ಲಿ ಊಟವೂ ಓದೂ ಸಿಗುತ್ತದೆ. ಇದರ ಮೇಲೆ, ಹಣ ಕೊಟ್ಟು ಬರುವ ಸ್ವಯಂಸೇವಕರು ಹೆಚ್ಚಾದರೆ, ಅವರಿಗೆ ತೋರಿಸಲು ಮಕ್ಕಳನ್ನು ಹಳ್ಳಿಗಳಿಂದ ಕರೆತರುವ ದಂಧೆಯೂ ಹುಟ್ಟಿಕೊಳ್ಳುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ಮಾಡುವಾಗ ಇದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯವೂ ಅನಾಥಾಶ್ರಮದ ಸ್ವಯಂಸೇವಾ ಪ್ರವಾಸದಿಂದಾಗುವ ಹಾನಿಯನ್ನು ಪ್ರಸ್ತಾಪಿಸಿತು.

ಹಾನಿ ಎಂಥದ್ದು ಎಂಬುದು ಆಶ್ರಮದ ಅಂಗಳದಲ್ಲೇ ಕಾಣುತ್ತದೆ. ಹಿಂದೆಂದೂ ಕಾಣದ ಅಪರಿಚಿತರು ಗೇಟು ದಾಟಿದ ಕೂಡಲೇ ಮೂರು ವರ್ಷದ ಮಗು ಓಡಿಬಂದು ಕಾಲನ್ನು ತಬ್ಬಿಕೊಂಡು, ಎತ್ತಿಕೋ ಎಂದು ಕೈ ಚಾಚುತ್ತದೆ. ಬಂದವರಿಗೆ ಮನಸ್ಸು ತುಂಬಿ ಬರುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ತನ್ನವರೆಂದು ಒಬ್ಬರನ್ನಾದರೂ ಗಟ್ಟಿಯಾಗಿ ನೆಚ್ಚಿಕೊಂಡ ಮಗು ಗುರುತಿಲ್ಲದವರನ್ನು ಕಂಡರೆ ಹಿಂಜರಿಯುತ್ತದೆ, ಅಮ್ಮನ ಬೆನ್ನ ಹಿಂದೆ ಅಡಗುತ್ತದೆ. ಬಂದವರನ್ನೆಲ್ಲ ತಬ್ಬುವ ಮಗು, ಬಂದವರೆಲ್ಲ ಬಿಟ್ಟು ಹೋಗುವುದನ್ನು ಕಂಡಿರುವ ಮಗು. ಅದರ ಬಾಳಿನಲ್ಲಿ ಬಿಟ್ಟು ಹೋದವರ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸುವ ಅಗತ್ಯ ನಮಗಿಲ್ಲ.

ಆಫ್ರಿಕಾದ ಸರ್ಕಾರಗಳೂ ಈ ದಿಕ್ಕಿನಲ್ಲೇ ಸಾಗಿವೆ. ರ್ವಾಂಡಾ 2013ರಿಂದ, ಮಕ್ಕಳನ್ನು ಕುಟುಂಬದಲ್ಲೇ ಬೆಳೆಸೋಣ ಎಂಬರ್ಥದ ರಾಷ್ಟ್ರೀಯ ಕಾರ್ಯಕ್ರಮವೊಂದರ ಮೂಲಕ ಆಶ್ರಮಗಳ ಮಕ್ಕಳನ್ನು ಸ್ವಂತ ಮನೆಗೋ ಸಾಕುಮನೆಗೋ ಕಳುಹಿಸುತ್ತ ಬಂದಿದೆ. ಕೆನ್ಯಾ 2017ರ ನವೆಂಬರ್‌ನಲ್ಲಿ ಹೊಸ ಮಕ್ಕಳ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. ಹಾಗಾದರೆ ನಿರ್ಗತಿಕ ಮಕ್ಕಳಿಗೆ ನೆರವಾಗುವುದು ಹೇಗೆ ಎಂದು ಕೇಳಬಹುದು. ಕುಟುಂಬ ಒಡೆಯದಂತೆ ನೋಡಿಕೊಳ್ಳುವ ಸಂಸ್ಥೆಗಳನ್ನು ಹುಡುಕಬೇಕು: ಹಗಲಿನ ಶಿಶುಪಾಲನಾ ಕೇಂದ್ರ, ತಾಯಂದಿರ ಉಳಿತಾಯ ಗುಂಪು, ಅಂಗವಿಕಲ ಮಕ್ಕಳ ಫಿಸಿಯೋಥೆರಪಿ, ಸರ್ಕಾರಿ ಶಾಲೆಯ ಗ್ರಂಥಾಲಯ, ಕುಡಿಯುವ ನೀರಿನ ನಿರ್ವಹಣೆ ಇಂಥವು.

ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳು

ಪರಿಣತಿಯುಳ್ಳವರು ಮೊದಲು ನೋಡಬೇಕಾದದ್ದು ಯುಎನ್‌ವಿ ಮತ್ತು 1958ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ವಾಲಂಟರಿ ಸರ್ವಿಸ್ ಓವರ್‌ಸೀಸ್, ಅಂದರೆ ವಿಎಸ್‌ಒ. ಇಂಥ ಸಂಸ್ಥೆಗಳು ಸ್ವಯಂಸೇವಕರಿಂದ ಹಣ ಕೀಳುವ ಬದಲು, ಅರ್ಹತೆಯನ್ನು ನೋಡಿ ಆರಿಸಿಕೊಂಡು ಜೀವನ ಭತ್ಯೆಯನ್ನು ಕೊಡುತ್ತವೆ. ಆಯ್ಕೆ ಕಠಿಣ, ಕಾಯುವ ಕಾಲ ದೀರ್ಘ. ಇವುಗಳಾಚೆಗೆ ಶುಲ್ಕ ಪಡೆದು ಕಳುಹಿಸುವ ಸಂಸ್ಥೆಗಳು ನೂರಾರು ಇವೆ. ಶುಲ್ಕ ಕೇಳುವುದೇ ತಪ್ಪಲ್ಲ, ಏಕೆಂದರೆ ವಸತಿಗೂ ಊಟಕ್ಕೂ ಮೇಲ್ವಿಚಾರಣೆಗೂ ಖರ್ಚಿದೆ. ಆದರೆ ಆ ಹಣದಲ್ಲಿ ಎಷ್ಟು ಭಾಗ ಆ ಊರಿಗೆ ತಲುಪುತ್ತದೆ ಎಂಬುದನ್ನು ಲಿಖಿತವಾಗಿ ಕೇಳಬೇಕು. ಉತ್ತರದಲ್ಲಿ ಅಂಕಿಗಳ ಬದಲು ಮಕ್ಕಳ ನಗುಮುಖದ ಫೋಟೋಗಳು ಬಂದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಇನ್ನೂ ಕೆಲವನ್ನು ಕೇಳಬೇಕು. ಈ ಕೆಲಸ ಬೇಕೆಂದು ಕೇಳಿದವರು ಊರಿನವರೋ, ಸಂಸ್ಥೆಯವರೋ? ಸಂಬಳ ಕೊಟ್ಟು ಸ್ಥಳೀಯರಿಂದ ಮಾಡಿಸಬಹುದಾದ ಕೆಲಸವನ್ನೇ ನಮಗೆ ಕೊಡುತ್ತಿಲ್ಲವಷ್ಟೇ? ನಾವು ಹೋದ ಮೇಲೆ ಇದನ್ನು ಮುಂದುವರಿಸುವವರು ಯಾರು? ಮಕ್ಕಳ ರಕ್ಷಣೆಯ ಕುರಿತು ಸಂಸ್ಥೆಗೆ ಲಿಖಿತ ನಿಯಮಾವಳಿ ಇದೆಯೇ? ಇವೆಲ್ಲಕ್ಕಿಂತ ಹೆಚ್ಚಾಗಿ, ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಪೊಲೀಸರ ನಡತೆ ಪ್ರಮಾಣಪತ್ರವನ್ನಾಗಲಿ, ಹಿಂದೆ ಕೆಲಸ ಮಾಡಿದ ಕಡೆಯ ಶಿಫಾರಸನ್ನಾಗಲಿ ಕೇಳದೆ, ಹಣ ಕಟ್ಟಿದ ಮರುದಿನವೇ ಮಕ್ಕಳ ನಡುವೆ ಬಿಡಲು ಸಿದ್ಧವಿರುವ ಸಂಸ್ಥೆ ನಿಮ್ಮಂತೆಯೇ ಬೇರೆ ಯಾರನ್ನಾದರೂ ಬಿಡುತ್ತದೆ ಎಂಬುದನ್ನು ಮರೆಯಬಾರದು.

ಹೊರಗಿನವರ ಉತ್ಸಾಹ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ಪ್ಲೇಪಂಪ್ ಒಳ್ಳೆಯ ಪಾಠ. ಮಕ್ಕಳು ಆಡುತ್ತ ತಿರುಗಿಸುವ ಚಕ್ರವೊಂದರಿಂದ ಕೊಳವೆಬಾವಿಯ ನೀರು ಮೇಲೇರುತ್ತದೆ ಎಂಬ ಈ ಕಲ್ಪನೆಗೆ ಮರುಳಾಗದವರು ಕಡಿಮೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯೋಜನೆಗೆ 2006ರಲ್ಲಿ ಅಮೆರಿಕದಿಂದ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಆದರೆ ಮಕ್ಕಳು ದಿನವಿಡೀ ಆಡುವುದಿಲ್ಲ, ನೀರು ಮಾತ್ರ ದಿನವೂ ಬೇಕು. ಮೊಜಾಂಬಿಕ್, ಮಲಾವಿಗಳ ಹಳ್ಳಿಗಳಲ್ಲಿ ಕೊನೆಗೆ ಹೆಂಗಸರೇ ಆ ಚಕ್ರವನ್ನು ಸುಸ್ತಾಗುವವರೆಗೆ ತಿರುಗಿಸಬೇಕಾಯಿತು; ಕೆಟ್ಟು ನಿಂತರೆ ಊರಿನವರೇ ರಿಪೇರಿ ಮಾಡಿಕೊಳ್ಳುವಂತಿರಲಿಲ್ಲ. ಮೊದಲಿದ್ದ ಕೈಪಂಪೇ ವಾಸಿ ಎಂದು ಅವರನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದರು.

ಕಾಗದಪತ್ರ, ಲಸಿಕೆ, ಸೊಳ್ಳೆ

ಸಂಬಳವಿಲ್ಲದ ಕೆಲಸಕ್ಕೆ ಪ್ರವಾಸಿ ವೀಸಾ ಸಾಕು ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಕೆನ್ಯಾದಲ್ಲಾಗಲಿ ಟಾಂಜಾನಿಯಾದಲ್ಲಾಗಲಿ ಸ್ವಯಂಸೇವೆಗೂ ಪರವಾನಗಿ ಬೇಕು. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೆ ಸಿ ವರ್ಗದ ವಾಸ ಪರವಾನಗಿ ಇದೆ. ಯಾರೂ ಕೇಳುವುದಿಲ್ಲ, ಪ್ರವಾಸಿ ಎಂದೇ ಹೇಳಿ ಎನ್ನುವ ಸಂಸ್ಥೆಯನ್ನು ನಂಬಬೇಡಿ, ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು.

ಘಾನಾ, ಉಗಾಂಡಾಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಆ ಪತ್ರ ಊರ್ಜಿತವಾಗುವುದರಿಂದ ಕೊನೆಯ ವಾರದವರೆಗೆ ಕಾಯಬಾರದು. 2016ರ ಜುಲೈನಿಂದ ಈ ಪತ್ರ ಜೀವಮಾನಪರ್ಯಂತ ಮಾನ್ಯ. ಮಲೇರಿಯಾಕ್ಕೆ ಮುನ್ನೆಚ್ಚರಿಕೆಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಆರಿಸಿಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಆದರೆ ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಶುರುಮಾಡಿ, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಕೂಡಿದ ಮಾತ್ರೆಯಾದರೆ ಮರಳಿದ ಮೇಲೆ ಏಳು ದಿನ ಸಾಕು. ಮಾತ್ರೆ ಇದೆಯೆಂದು ಸೊಳ್ಳೆ ಪರದೆಯನ್ನು ಕಡೆಗಣಿಸುವಂತಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಸಂಜೆಗತ್ತಲಿನಿಂದ ಬೆಳಗಿನವರೆಗೆ ಕಚ್ಚುತ್ತದೆ. ಹಾಗಾಗಿ ಕತ್ತಲಾಗುವ ಮೊದಲೇ ಪರದೆಯನ್ನು ಇಳಿಬಿಟ್ಟು, ಅಂಚನ್ನು ಸುತ್ತಲೂ ಹಾಸಿಗೆಯಡಿಗೆ ಸಿಕ್ಕಿಸಿ, ತೂತುಗಳಿದ್ದರೆ ಸೂಜಿದಾರದಿಂದ ಹೊಲಿದು, ಮಲಗಿದಾಗ ಮೊಣಕೈ ಪರದೆಗೆ ಒತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಒತ್ತಿದ ಚರ್ಮವನ್ನು ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ವಿಕ್ಟೋರಿಯಾ ಮತ್ತು ಮಲಾವಿ ಸರೋವರಗಳು ಎಷ್ಟೇ ಕರೆದರೂ ಈಜಲು ಇಳಿಯಬೇಡಿ, ಅಲ್ಲಿನ ನೀರಿನಲ್ಲಿ ಚರ್ಮದ ಮೂಲಕವೇ ಒಳಹೊಗುವ ಬಿಲ್‌ಹಾರ್ಜಿಯಾ ಪರೋಪಜೀವಿ ಇದೆ.

ಸಾಮಾನು ಕಟ್ಟುವಾಗ ಒಂದು ಮಾತು. ರ್ವಾಂಡಾ, ಕೆನ್ಯಾ, ಟಾಂಜಾನಿಯಾಗಳಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಹಳೆಯ ಬಟ್ಟೆಗಳ ಮೂಟೆಯನ್ನೂ ಒಯ್ಯಬೇಡಿ. ಪೂರ್ವ ಆಫ್ರಿಕಾದ ಸಂತೆಗಳಲ್ಲಿ ಮಿಟುಂಬಾ ಎಂದು ಕರೆಯುವ ಇಂಥ ಬಟ್ಟೆ ಈಗಾಗಲೇ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಸ್ಥಳೀಯ ಬಟ್ಟೆ ಉದ್ಯಮವನ್ನು ಉಳಿಸಿಕೊಳ್ಳಲೆಂದು ರ್ವಾಂಡಾ 2016ರಲ್ಲಿ ಅದರ ಮೇಲಿನ ಸುಂಕವನ್ನೇ ಏರಿಸಿತು. ನೋಟುಪುಸ್ತಕವಾಗಲಿ ಚೆಂಡಾಗಲಿ ಬೇಕಿದ್ದರೆ ಅಲ್ಲಿನ ಅಂಗಡಿಯಲ್ಲೇ ಕೊಂಡರೆ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಅಲ್ಲಿದ್ದಾಗ

ಮೊದಲ ಎರಡು ವಾರ ಸಲಹೆ ಕೊಡದೆ ಇರುವುದು ಅತ್ಯಂತ ಕಷ್ಟದ, ಅತ್ಯಂತ ಉಪಯುಕ್ತವಾದ ಕೆಲಸ. ಯಾರು ಏನು ಮಾಡುತ್ತಾರೆ, ಏಕೆ ಹಾಗೆ ಮಾಡುತ್ತಾರೆ ಎಂದು ನೋಡಿ. ಟಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ, ಪ್ರೌಢಶಾಲೆಗೆ ಬಂದೊಡನೆ ಇಂಗ್ಲಿಷಿನಲ್ಲಿ. ಮಕ್ಕಳು ಎಡವುವುದು ಎಲ್ಲಿ ಎಂಬುದು ಇದನ್ನು ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ. ಹಿರಿಯರನ್ನು ಕಂಡಾಗ ಶಿಕಮೂ ಎಂದು ನಮಸ್ಕರಿಸಿದರೆ ಅವರು ಮರಹಬಾ ಎಂದು ಉತ್ತರಿಸುತ್ತಾರೆ. ಆ ಒಂದು ಪದ ತೆರೆಸುವಷ್ಟು ಬಾಗಿಲುಗಳನ್ನು ಪದವಿಪತ್ರಗಳು ತೆರೆಸುವುದಿಲ್ಲ. ಘಾನಾದಲ್ಲಿ ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಬಲಗೈಯಿಂದಲೇ. ರ್ವಾಂಡಾದಲ್ಲಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಊರವರೆಲ್ಲ ಸೇರಿ ರಸ್ತೆ, ಚರಂಡಿಗಳ ಕೆಲಸ ಮಾಡುವ ಉಮುಗಾಂಡಾ ನಡೆಯುತ್ತದೆ. ಅದಕ್ಕೆ ಗುದ್ದಲಿ ಹಿಡಿದು ಹೋಗಿ, ಅಲ್ಲಿ ನೀವು ಅತಿಥಿಯಲ್ಲ, ನೆರೆಯವರು.

ನಿಮ್ಮ ಊರಿನಲ್ಲಿ ಮಾಡಲು ಅನುಮತಿಯಿಲ್ಲದ ಕೆಲಸವನ್ನು ಅಲ್ಲಿಯೂ ಮಾಡಬೇಡಿ. ವೈದ್ಯಕೀಯ ವಿದ್ಯಾರ್ಥಿಗೆ ಹೊಲಿಗೆ ಹಾಕಲು, ಹೆರಿಗೆ ಮಾಡಿಸಲು ಅವಕಾಶ ಸಿಗುತ್ತದೆ ಎಂದು ಆಸೆ ತೋರಿಸುವ ಸಂಸ್ಥೆಗಳಿವೆ. ಬಡವರ ಮೈ ಕಲಿಕೆಯ ಸಾಮಗ್ರಿಯಲ್ಲ. ಮಕ್ಕಳ ಫೋಟೋವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ತೆಗೆಯಬಾರದು, ಊರಿನ ಅಥವಾ ಶಾಲೆಯ ಹೆಸರು ತಿಳಿಯುವಂತೆ ಹಾಕಬಾರದು. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಗುವಿಗೆ ಕೈಯಲ್ಲಿ ಹಣ ಕೊಡುವುದೂ, ಮುಂದೆ ಓದಿಸುತ್ತೇನೆ ಎಂದು ಮಾತು ಕೊಡುವುದೂ ಬೇಡ. ಸಹಾಯ ಮಾಡಲೇಬೇಕೆನಿಸಿದರೆ ಶಾಲೆಯ ಅಥವಾ ಸಂಸ್ಥೆಯ ಖಾತೆಗೆ ರಸೀದಿ ಪಡೆದು ಕೊಡಿ.

ಹೊರಡುವ ದಿನ

ಹೊರಡುವ ದಿನಾಂಕವನ್ನು ಬಂದ ದಿನವೇ ಎಲ್ಲರಿಗೂ, ಮಕ್ಕಳಿಗೂ, ಹೇಳಿರಬೇಕು. ಕೊನೆಯ ವಾರದಲ್ಲಿ ಹೊಸದೇನನ್ನೂ ಆರಂಭಿಸದೆ, ಮಾಡಿದ್ದನ್ನು ಸ್ಥಳೀಯರ ಕೈಗೆ ಒಪ್ಪಿಸಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎರಡು ಪುಟದ ಟಿಪ್ಪಣಿ ಬರೆದಿಡಬೇಕು: ಕೀಲಿಕೈ ಎಲ್ಲಿದೆ, ಕಂಪ್ಯೂಟರಿನ ಪಾಸ್‌ವರ್ಡ್ ಯಾರ ಬಳಿ ಇದೆ, ಯಾವುದು ಅರ್ಧಕ್ಕೆ ನಿಂತಿದೆ. ಆರು ತಿಂಗಳ ನಂತರ ಆ ಟಿಪ್ಪಣಿಯನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ, ಉತ್ತರ ಇಲ್ಲ ಎಂದಿದ್ದರೆ ಕಾರಣವನ್ನೂ ಕೇಳಿ. ಮಾತ್ರೆಗಳನ್ನು ಅವಧಿ ಮುಗಿಯುವವರೆಗೆ ನುಂಗಿ. ಮರಳಿದ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ, ವೈದ್ಯರು ಬೇರೇನನ್ನು ಕೇಳುವ ಮೊದಲೇ, ಆಫ್ರಿಕಾದಲ್ಲಿ ಯಾವ ದೇಶದಲ್ಲಿ ಎಷ್ಟು ದಿನ ಇದ್ದಿರಿ ಎಂಬುದನ್ನು ಹೇಳಿ ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.