72 ಅಲ್ಲ, 51

ಹದಿನಾಲ್ಕರ ಹುಡುಗಿ, ಬಟರ್‌ಫ್ಲೈ ಈಜುವವಳು. ಬಲಹೆಗಲು ನೋವು ಅಂತ ಅಮ್ಮನ ಜೊತೆ ಜಯನಗರದ ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಅಂಗಾತ ಮಲಗಿಸಿದೆ. ತೋಳನ್ನು ಪಕ್ಕಕ್ಕೆ 90 ಡಿಗ್ರಿ ಚಾಚಿಸಿ, ಮೊಣಕೈ ಮಡಿಸಿ, ಮುಂಗೈಯನ್ನು ಕಾಲಿನ ಕಡೆಗೆ ಇಳಿಸು ಅಂದೆ. ಇದು ಒಳತಿರುವು. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ 72 ತೋರಿಸಿತು, ಬರೆದುಕೊಂಡೆ. ಒಳತಿರುವು ಚೆನ್ನಾಗಿದೆ, ತೊಂದರೆ ಬೇರೆಲ್ಲೋ ಇರಬೇಕು ಅಂದುಕೊಂಡು ಮೂರು ವಾರ ಬರೀ ಬಲ ಬರುವ ವ್ಯಾಯಾಮ ಮಾಡಿಸಿದೆ. ನೋವು ಹಾಗೇ ಇತ್ತು.

ಆಮೇಲೊಂದು ದಿನ ನನ್ನ ಸಹೋದ್ಯೋಗಿ ಅಳೆದರು. ಅವರು ಮಾಡಿದ್ದಿಷ್ಟೇ: ಹೆಬ್ಬೆರಳನ್ನು ಹೆಗಲಿನ ಮುಂದಿನ ಮೂಳೆಗುಬ್ಬಿಯ ಮೇಲೆ, ಉಳಿದ ಬೆರಳನ್ನು ಹಿಂದೆ ಸ್ಕ್ಯಾಪುಲಾ, ಅಂದರೆ ಹೆಗಲಿನ ಹಲಗೆಮೂಳೆ, ಮೇಲೆ ಇಟ್ಟು ಮೆತ್ತಗೆ ಹಿಡಿದುಕೊಂಡರು. ಹೆಗಲು ಮೇಲೇಳಲು ಶುರುವಾದ ಕ್ಷಣಕ್ಕೆ ನಿಲ್ಲಿಸಿದರು. 51! ಉಳಿದ 21 ಡಿಗ್ರಿ ಕೀಲಿನದಲ್ಲ, ಹೆಗಲು ಇಡಿಯಾಗಿ ಮುಂದಕ್ಕೆ ಮಗುಚಿದ್ದು. ನಾಚಿಕೆಯಾಯ್ತು.

ಈಗ ಹಿಡಿಯದೆ ಅಳೆಯುವುದೇ ಇಲ್ಲ. ತೋಳಿನ ಕೆಳಗೆ ಮಡಿಸಿದ ಟವೆಲ್ ಇಡುತ್ತೇನೆ, ಮೊಣಕೈಯ ಮೊನೆಗೆ ಪೆನ್ನಿಂದ ಚುಕ್ಕಿ ಹಾಕುತ್ತೇನೆ. ಒಳತಿರುವು, ಹೊರತಿರುವು (ಮುಂಗೈ ತಲೆಯ ಕಡೆಗೆ ಹೋಗುವುದು) ಎರಡನ್ನೂ ಕೂಡಿಸಿ ಎಡಕ್ಕೂ ಬಲಕ್ಕೂ ಹೋಲಿಸುತ್ತೇನೆ. ಈಜುವವರಲ್ಲಿ ಹೊರತಿರುವು ಹೆಚ್ಚಾಗಿ ಒಳತಿರುವು ಕಮ್ಮಿಯಾಗಿರುವುದು ಮಾಮೂಲಿ, ಮೊತ್ತ ಎರಡೂ ಕಡೆ ಸಮನಾಗಿದ್ದರೆ ಗಾಬರಿ ಬೀಳುವುದಿಲ್ಲ. ಒಂದು ಕಡೆ ಮಾತ್ರ ಮೊತ್ತ ಕುಸಿದಿದ್ದರೆ, ಈಜುವಾಗ ಉಸಿರು ತಗೊಳ್ಳೋಕೆ ತಲೆ ತಿರುಗಿಸೋದು ಯಾವ ಕಡೆಗೆ ಅಂತ ಕೇಳುತ್ತೇನೆ.

ಕೈಯನ್ನು ತಲೆ ಮೇಲಕ್ಕೆ ಎತ್ತಿಸಿ ಅಳೆಯುವಾಗ ಮೋಸ ಮಾಡುವುದು ಸೊಂಟ. ನಿಲ್ಲಿಸಿ ಅಳೆದರೆ ಮಕ್ಕಳು ಬಿಲ್ಲಿನ ಹಾಗೆ ಬಾಗಿ ತೋಳನ್ನು ಕಿವಿಯ ಹಿಂದಕ್ಕೆ ಒಯ್ದುಬಿಡುತ್ತಾರೆ. ಅದಕ್ಕೆ ಮಂಡಿ ಮಡಿಸಿ ಮಲಗಿಸಿ, ಸೊಂಟದಡಿ ನನ್ನ ಅಂಗೈ ತೂರಿಸಿ "ನನ್ನ ಕೈ ಒತ್ತಿಕೊಂಡೇ ಇರು ಪುಟ್ಟಾ" ಅನ್ನುತ್ತೇನೆ. ಒತ್ತು ಸಡಿಲವಾದರೆ ಅಲ್ಲಿಗೆ ನಿಂತಿತು. ಬಸವನಗುಡಿ ಈಜುಕೊಳದಿಂದ ಒದ್ದೆ ತಲೆಯಲ್ಲೇ ಬರುವವರನ್ನು ಅವತ್ತು ಅಳೆಯುವುದಿಲ್ಲ. ಈಜಿ ಮೈ ಬಿಸಿಯಾಗಿದ್ದರೆ ಹೆಗಲು ಹೆಚ್ಚೇ ಬಾಗುತ್ತದೆ.

ಹೆಬ್ಬೆರಳು ಬಗ್ಗಿ ಮುಂಗೈಗೆ ತಾಗುವ, ಮೊಣಕೈ ಹಿಂದಕ್ಕೆ ಬಳುಕುವ ಮಕ್ಕಳ ಕೈಯನ್ನು ಜೊತೆಗಾರ ಹಿಂದಿನಿಂದ ಎಳೆದು ಸ್ಟ್ರೆಚ್ ಮಾಡಿಸುವುದನ್ನು ನೋಡಿದಾಗೆಲ್ಲ ನನಗೆ ಸಿಟ್ಟೇ ಬರುತ್ತದೆ. ಮೊದಲೇ ಸಡಿಲವಾದ ಕೀಲನ್ನು ಇನ್ನೂ ಯಾಕೆ ಸಡಿಲಿಸಬೇಕು?

ಸರ್ಫಿಂಗ್‌ನವರ ಕತೆ ಬೇರೆ. ಬೆಂಗಳೂರಲ್ಲಿ ಸಮುದ್ರವಿಲ್ಲ, ಶುಕ್ರವಾರ ರಾತ್ರಿ ಬಸ್ ಹತ್ತಿ ಕರಾವಳಿಯ ಮೂಲ್ಕಿಗೆ ಹೋಗುತ್ತಾರೆ. ಬೋರ್ಡಿನ ಮೇಲೆ ಬೋರಲು ಮಲಗಿ, ಎದೆ ಎತ್ತಿ, ಅಲೆ ಹಿಡಿಯುವವರೆಗೂ ಕೈ ಬೀಸುತ್ತಲೇ ಇರಬೇಕು. ಇವರನ್ನು ನೆಲದ ಮೇಲೆ ಬೋರಲು ಮಲಗಿಸಿ, ಹಣೆ ನೆಲಕ್ಕೆ ತಾಗಿಸಿ, ಹೆಬ್ಬೆರಳು ಹೆಣೆದು, ತಲೆಯ ಮುಂದಕ್ಕೆ ಚಾಚಿದ ನೆಟ್ಟಗಿನ ತೋಳು ಎತ್ತಲು ಹೇಳಿ ಸ್ಕೇಲಿನಿಂದ ಎತ್ತರ ಅಳೆಯುತ್ತೇನೆ. ಕಮ್ಮಿ ಬಂದರೆ ಬಿಗಿ ಹೆಗಲಿನದೋ ಮೇಲ್ಬೆನ್ನಿನದೋ ಇದೊಂದರಿಂದಲೇ ತಿಳಿಯದು, ಬಿಡಿಬಿಡಿಯಾಗಿ ನೋಡಬೇಕು.

ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ಸೋಮವಾರ ಒಂದು ಅಳತೆ, ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಮೇಲೆ ಶುಕ್ರವಾರ ಇನ್ನೊಂದು. "ಯಾವುದು ಸರಿ ಡಾಕ್ಟ್ರೇ?" ಅಂದ. ಎರಡೂ ಸರಿಯೇ. ಅವನನ್ನೀಗ ಗುರುವಾರ ಮಾತ್ರ ಕರೆಸುತ್ತೇನೆ, ಬೆಳಗ್ಗೆ ಎಂಟಕ್ಕೆ, ಆಫೀಸಿಗೆ ಹೋಗೋ ಮುಂಚೆ.